120 ಹರ್ಟ್ಸ್ ಅಮೊಲೆಡ್ ಫೋನಿನ ಡಿಸ್‌ಪ್ಲೇ ಒಡೆದಿದೆ. ಹೊರಗಿನ ಅಂಗಡಿಯಲ್ಲಿ ಹಾಕಿಸಲೇ, ಅಥವಾ 144 ಹರ್ಟ್ಸ್ ಇರುವ ಹೊಸ ಫೋನ್ ತಗೊಳ್ಳಲೇ?

ಸರ್ವೀಸ್ ಸೆಂಟರ್‌ನವರು 9,000 ಅಂದಿದ್ದಾರೆ, ಹೊರಗಿನ ಅಂಗಡಿಯವರು 3,500ಕ್ಕೆ "ಸೇಮ್ ಡಿಸ್‌ಪ್ಲೇ ಸರ್" ಅಂದಿದ್ದಾರೆ, ನಿಮ್ಮ ಕಣ್ಣು 144 ಹರ್ಟ್ಸ್ ಹೊಸ ಫೋನಿನ ಮೇಲಿದೆ. (ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ, ಅದೇ ರಿಫ್ರೆಶ್ ರೇಟ್. ಅಮೊಲೆಡ್ ಅಂದರೆ ಪ್ರತಿ ಚುಕ್ಕೆಯೂ ತಾನೇ ಬೆಳಗುವ ಒಎಲ್‌ಇಡಿ ಪರದೆ.) ಇದೇ ಜಾಗದಲ್ಲಿ ನಾನೂ ನಿಂತಿದ್ದೆ. 3,200 ಕೊಟ್ಟು ಹೊರಗೆ ಹಾಕಿಸಿದೆ. ಹದಿನೆಂಟೇ ದಿನಕ್ಕೆ ಅದನ್ನು ತೆಗೆಸಿ, ಕಂಪನಿ ಡಿಸ್‌ಪ್ಲೇಗೆ 8,700 ಕೊಟ್ಟೆ.

ಹೊರಗಿನ ಅಂಗಡಿಗೆ ಹೋದದ್ದು ನನ್ನ ತಪ್ಪಲ್ಲ. ತಪ್ಪಾದದ್ದು ಬೇರೆ ಕಡೆ. ಫೋನ್ ಕೈಗೆ ಬಂದ ಕೂಡಲೇ ಸೆಟ್ಟಿಂಗ್ಸ್ ತೆಗೆದೆ. ಡಿಸ್‌ಪ್ಲೇ, ರಿಫ್ರೆಶ್ ರೇಟ್, 120 ಹರ್ಟ್ಸ್. ಆಯ್ಕೆ ಇತ್ತು, ಒತ್ತಿದೆ, ಟಿಕ್ ಬಿತ್ತು, ದುಡ್ಡು ಕೊಟ್ಟು ಬಂದೆ. ಆ ಟಿಕ್ಕನ್ನೇ ಪುರಾವೆ ಅಂದುಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಮೊದಲು ನೋಡುವುದು ಅದನ್ನೇ.

ಸೆಟ್ಟಿಂಗ್ಸ್‌ನಲ್ಲಿ ಕಾಣುವ 120 ಎಂಬ ಆಯ್ಕೆ ಫೋನಿನ ಸಾಫ್ಟ್‌ವೇರ್‌ನಲ್ಲಿ ಇರುವಂಥದ್ದು. ಈ ಮಾಡೆಲ್‌ಗೆ 120 ಇದೆ ಎಂದು ಕಂಪನಿ ಬರೆದಿಟ್ಟಿದೆ, ಅಷ್ಟೇ. ಮುಂದೆ ಕೂತಿರುವ ಗಾಜಿಗೆ ಅದು ಸಾಧ್ಯವೇ ಎಂದು ಆ ಪುಟ ಕೇಳುವುದಿಲ್ಲ. ನಿಜವಾಗಿ ಚಿತ್ರ ಬದಲಿಸುವುದು ಡಿಸ್‌ಪ್ಲೇಗೆ ಅಂಟಿಕೊಂಡಿರುವ ಡ್ರೈವರ್ ಚಿಪ್. ನಕಲಿ ಡಿಸ್‌ಪ್ಲೇಯ ಚಿಪ್ ತಾನೇ ಮೂಲ ಪ್ಯಾನೆಲ್ (ಗಾಜಿನ ಕೆಳಗೆ ಚಿತ್ರ ಮೂಡಿಸುವ ಪದರ) ಎಂದು ಫೋನಿಗೆ ಗುರುತು ಹೇಳುತ್ತದೆ, ಹಾಗೆ ಹೇಳದಿದ್ದರೆ ಎಷ್ಟೋ ಫೋನುಗಳು ಅದನ್ನು ಒಪ್ಪುವುದಿಲ್ಲ. ಆಮೇಲೆ ಫೋನ್ "120ಕ್ಕೆ ಹೋಗು" ಎಂದಾಗ ಕೆಲವು ಪ್ಯಾನೆಲ್ ಮಿನುಗುತ್ತವೆ, ಕೆಲವು ಕಪ್ಪಾಗುತ್ತವೆ, ಇನ್ನು ಕೆಲವು ಆ ಆಜ್ಞೆಯನ್ನು ಕಿವಿಗೇ ಹಾಕಿಕೊಳ್ಳದೆ 60ರಲ್ಲೇ ಓಡುತ್ತವೆ. ನನಗೆ ಸಿಕ್ಕಿದ್ದು ಮೂರನೆಯದು. ಮಿನುಗಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು.

ಡೆವಲಪರ್ ಆಪ್ಷನ್ಸ್ ಎಂಬ, ಸೆಟ್ಟಿಂಗ್ಸ್‌ನ ಅಡಗಿದ ಪುಟದಲ್ಲಿ "ಶೋ ರಿಫ್ರೆಶ್ ರೇಟ್" ಆನ್ ಮಾಡಿದರೆ ಮೂಲೆಯಲ್ಲಿ ಒಂದು ಸಂಖ್ಯೆ ಬರುತ್ತದಲ್ಲ, ಅದೂ ಫೋನ್ ಯಾವ ವೇಗ ಆರಿಸಿಕೊಂಡಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಗಾಜಿನ ಮೇಲೆ ಏನಾಗುತ್ತಿದೆ ಎಂದು ಅಳೆಯುವುದಿಲ್ಲ. ನಿಮ್ಮ ಹಳೆಯ, ಮೂಲ ಡಿಸ್‌ಪ್ಲೇ ಇದ್ದಾಗ ಅದು ಸರಿಯಾದ ಸಾಧನ. ಬದಲಿಸಿದ ಡಿಸ್‌ಪ್ಲೇಗೆ ಅಲ್ಲ.

ನಕಲಿಗೆ ಏಕೆ ಆಗುವುದಿಲ್ಲ ಅಂದರೆ, 1080×2400 ಪ್ಯಾನೆಲ್‌ನಲ್ಲಿ 2,400 ಸಾಲುಗಳಿವೆ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಸಿಗುತ್ತದೆ, ಅಂದರೆ ಸಾಲೊಂದಕ್ಕೆ ಸುಮಾರು 7 ಮೈಕ್ರೊಸೆಕೆಂಡ್. 120ರಲ್ಲಿ ಅದು 8.3 ಮಿಲಿಸೆಕೆಂಡಿಗೆ ಇಳಿದು, ಸಾಲೊಂದಕ್ಕೆ ಮೂರೂವರೆ ಮೈಕ್ರೊಸೆಕೆಂಡ್ ಮಾತ್ರ ಉಳಿಯುತ್ತದೆ. ಅಷ್ಟರಲ್ಲಿ ಆ ಸಾಲಿನ ಎಲ್ಲ ಪಿಕ್ಸೆಲ್‌ಗೂ ವಿದ್ಯುತ್ ತುಂಬಬೇಕು. ಮೂಲ ಅಮೊಲೆಡ್‌ನ ಟ್ರಾನ್ಸಿಸ್ಟರ್‌ಗಳು ಎಲ್‌ಟಿಪಿಎಸ್ ಎಂಬ ಬಗೆಯವು. ಅಗ್ಗದ ಟಿಎಫ್‌ಟಿ ಪ್ಯಾನೆಲ್‌ನಲ್ಲಿ, ಅಂದರೆ ಹಿಂದಿನಿಂದ ಬೆಳಕು ಬೀಳುವ ಎಲ್‌ಸಿಡಿಯಲ್ಲಿ, ಇರುವುದು ಸಾಮಾನ್ಯವಾಗಿ ಅಮಾರ್ಫಸ್ ಸಿಲಿಕಾನ್, ಅದರಲ್ಲಿ ಎಲೆಕ್ಟ್ರಾನ್ ಓಡುವ ವೇಗ ಹತ್ತಾರು ಪಟ್ಟು ಕಡಿಮೆ. ಹಾಗಾಗಿಯೇ ಎಷ್ಟೋ ನಕಲಿಗಳು 720×1600ರ ಪ್ಯಾನೆಲ್ ಹಾಕಿ, 1080ರ ಚಿತ್ರವನ್ನು ಕುಗ್ಗಿಸಿ ತೋರಿಸುತ್ತವೆ. ಅಕ್ಷರದ ಅಂಚು ನೋಡಿ. ಕನ್ನಡದ ಒತ್ತಕ್ಷರಗಳಲ್ಲಿ ಇದು ಬೇಗ ಸಿಕ್ಕಿಬೀಳುತ್ತದೆ, "ಸ್ತ್ರೀ" ಎಂದು ಸಣ್ಣ ಅಕ್ಷರದಲ್ಲಿ ಬರೆದರೆ ಕೆಳಗಿನ ಒತ್ತುಗಳು ಕಲೆಸಿದಂತೆ ಕಾಣುತ್ತವೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಡಿಸ್‌ಪ್ಲೇ ಬದಲಿಸಬೇಕೋ ಫೋನ್ ಬದಲಿಸಬೇಕೋ ಎಂದು ಕೇಳಿದ್ದೀರಿ. ಎರಡಕ್ಕೂ ಮೊದಲು, ಒಡೆದಿರುವುದು ಡಿಸ್‌ಪ್ಲೇಯೇ ಎಂದು ಖಚಿತ ಮಾಡಿಕೊಳ್ಳಿ. ಚಿತ್ರ ಪೂರ್ತಿ ಕಾಣುತ್ತಿದ್ದು, ಗೆರೆಯಾಗಲಿ ಶಾಯಿ ಚೆಲ್ಲಿದಂಥ ಕಲೆಯಾಗಲಿ ಇಲ್ಲದೆ, ಟಚ್ ಮೂಲೆಮೂಲೆಗೂ ಕೆಲಸ ಮಾಡುತ್ತಿದ್ದರೆ ಒಡೆದದ್ದು ಮೇಲಿನ ಗಾಜು ಮಾತ್ರ. ಆಗ "ಗ್ಲಾಸ್ ಚೇಂಜ್" ಸಾಕು. ಮೂಲ ಪ್ಯಾನೆಲ್ ಉಳಿಯುವುದರಿಂದ 120 ಹರ್ಟ್ಸ್, ಬೆರಳಚ್ಚು, ಬಣ್ಣ ಎಲ್ಲವೂ ಉಳಿಯುತ್ತವೆ, ಖರ್ಚೂ ಕಡಿಮೆ. ಡಿಸ್‌ಪ್ಲೇಯನ್ನು ಸುಮಾರು 80 ಡಿಗ್ರಿ ಬಿಸಿಯ ಪ್ಲೇಟ್ ಮೇಲಿಟ್ಟು, ಕೂದಲಿನಂಥ ಸಣ್ಣ ತಂತಿಯಿಂದ ಗಾಜನ್ನು ಬೇರ್ಪಡಿಸಿ, ಹಳೆ ಗೋಂದು ತೆಗೆದು, ಒಸಿಎ ಎಂಬ ಪಾರದರ್ಶಕ ಅಂಟುಹಾಳೆ ಹಾಕಿ, ನಿರ್ವಾತ ಯಂತ್ರದಲ್ಲಿ ಒತ್ತಿ, ಗುಳ್ಳೆ ತೆಗೆಯುವ ಯಂತ್ರದಲ್ಲಿ ಇಡುತ್ತಾರೆ. ಈ ಯಂತ್ರಗಳು ಅಂಗಡಿಯಲ್ಲಿ ಇವೆಯೇ ಎಂದು ಕಣ್ಣಾರೆ ನೋಡಿ. ಕೌಂಟರ್ ಮೇಲೆ ದ್ರವದ ಗೋಂದು ಸುರಿದು ನೀಲಿ ಬೆಳಕು ಹಿಡಿಯುವವರಾದರೆ ಎದ್ದು ಬನ್ನಿ, ಆ ಗೋಂದು ಅಂಚಿನಿಂದ ಒಳಗೆ ಇಳಿದು ಮುಂದೆ ಹಳದಿ ಕಲೆಯಾಗುತ್ತದೆ. ಬಾಗಿದ ಅಂಚಿನ ಡಿಸ್‌ಪ್ಲೇಯಲ್ಲಿ ಈ ಕೆಲಸಕ್ಕೆ ಅಪಾಯ ಹೆಚ್ಚು. ಬೇರ್ಪಡಿಸುವಾಗ ಪ್ಯಾನೆಲ್ ಸತ್ತರೆ ನಷ್ಟ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಬಿದ್ದದ್ದಲ್ಲದೆ, ಸುಮ್ಮನೆ ಒಂದು ದಿನ ಹಸಿರು ಗೆರೆ ಬಂದದ್ದಾದರೆ ಕಾಸು ಬಿಚ್ಚುವ ಮುಂಚೆ ಕಂಪನಿಗೆ ಕೇಳಿ. ಕೆಲವು ಮಾಡೆಲ್‌ಗಳಿಗೆ ಈ ದೋಷಕ್ಕೆ ವಾರಂಟಿ ಮುಗಿದ ಮೇಲೂ ಉಚಿತವಾಗಿ ಬದಲಿಸಿಕೊಟ್ಟಿದ್ದಾರೆ.

ಪ್ಯಾನೆಲ್ಲೇ ಹೋಗಿದ್ದರೆ, ಅಂಗಡಿಯಲ್ಲಿ "ಒರಿಜಿನಲ್ಲಾ?" ಎಂದು ಕೇಳಬೇಡಿ. ಆ ಪದಕ್ಕೆ ಅಲ್ಲಿ ಅರ್ಥವಿಲ್ಲ. ಕಾಂಬೊ (ಗಾಜು, ಟಚ್, ಪ್ಯಾನೆಲ್ ಸೇರಿದ ಒಂದೇ ಜೋಡಣೆ) ಯಾವ ದರ್ಜೆಯದು ಎಂದು ಕೇಳಿ. ಟಿಎಫ್‌ಟಿ ಅಥವಾ ಇನ್‌ಸೆಲ್ ಅಂದರೆ ಅಮೊಲೆಡ್ ಇದ್ದ ಜಾಗಕ್ಕೆ ಎಲ್‌ಸಿಡಿ ತುರುಕುವುದು. ದಪ್ಪ ಹೆಚ್ಚು, ಅಂಚು ಫ್ರೇಮಿಗಿಂತ ಮೇಲೆ ಎದ್ದಿರುತ್ತದೆ. ಹಿಂಬದಿಯ ಬೆಳಕಿನ ಪದರ ಅಡ್ಡ ಬರುವುದರಿಂದ ಪರದೆಯೊಳಗಿನ ಬೆರಳಚ್ಚು ಓದುವುದಿಲ್ಲ. ಡಾರ್ಕ್ ಮೋಡ್ ಹಾಕಿದರೂ ಬೆಳಕು ಉರಿಯುತ್ತಲೇ ಇರುವುದರಿಂದ ಬ್ಯಾಟರಿಯೂ ಉಳಿಯದು. "ಒಎಲ್‌ಇಡಿ ಸ್ಮಾಲ್ ಸೈಜ್" ಅಂದರೆ ಸುತ್ತಲಿನ ಕಪ್ಪು ಪಟ್ಟಿ ದಪ್ಪ ಇರುವ ಬೇರೆ ತಯಾರಕರ ಒಎಲ್‌ಇಡಿ, ಬೆರಳಚ್ಚು ಓದಬಹುದು, 120 ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. "ಸರ್ವೀಸ್ ಪ್ಯಾಕ್" ಅಂದರೆ ಕಂಪನಿಯದೇ ಭಾಗ, ಡಬ್ಬಿಯ ಮೇಲೆ ಪಾರ್ಟ್ ನಂಬರ್ ಇರುತ್ತದೆ, ಹೆಚ್ಚಾಗಿ ಫ್ರೇಮ್ ಸಮೇತ ಬರುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೇ ಆಗಲಿ ನಿಮ್ಮ ಊರಲ್ಲೇ ಆಗಲಿ, 9,000ದ ಡಿಸ್‌ಪ್ಲೇಯನ್ನು 3,500ಕ್ಕೆ ಕೊಡುತ್ತೇನೆ ಅಂದರೆ ಅದು ಮೊದಲು ಹೇಳಿದ ಟಿಎಫ್‌ಟಿ ಎಂದೇ ಇಟ್ಟುಕೊಳ್ಳಿ.

ಯಾವುದನ್ನೇ ಹಾಕಿಸಿ, ಗೋಂದು ಹಾಕುವ ಮುಂಚೆ ಪರೀಕ್ಷೆ ಮಾಡಿಸಬೇಕು. ಹಳೆಯದನ್ನು ತೆಗೆದ ಮೇಲೆ ಹೊಸ ಕಾಂಬೊದ ಫ್ಲೆಕ್ಸ್ (ಪಟ್ಟಿಯಂಥ ತೆಳು ಕೇಬಲ್) ಮಾತ್ರ ಜೋಡಿಸಿ ಫೋನ್ ಆನ್ ಮಾಡಲು ಹೇಳಿ. ಒಂದೆರಡು ನಿಮಿಷದ ಕೆಲಸ, ಒಪ್ಪದವರ ಹತ್ತಿರ ಮಾಡಿಸಬೇಡಿ. ಒಮ್ಮೆ ಅಂಟಿಸಿದ ಮೇಲೆ ಸಿಗುವುದು ಬರೀ "ಚೆಕ್ಕಿಂಗ್ ವಾರಂಟಿ", ಅಂದರೆ ಅಂಗಡಿ ಮೆಟ್ಟಿಲು ಇಳಿಯುವವರೆಗೆ.

ಮೊದಲು ಬ್ಯಾಟರಿ ಸೇವರ್ ಆಫ್ ಮಾಡಿ, ಅದು ಆನ್ ಇದ್ದರೆ ಎಷ್ಟೋ ಫೋನುಗಳಲ್ಲಿ ಮೂಲ ಡಿಸ್‌ಪ್ಲೇ ಕೂಡ 60ಕ್ಕೆ ಇಳಿಯುತ್ತದೆ. ರಿಫ್ರೆಶ್ ರೇಟ್ 120ಕ್ಕೆ ಹಾಕಿ. ಈಗ ಇನ್ನೊಂದು ಫೋನ್ ತೆಗೆದುಕೊಂಡು ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು, ಒಂದು ಗೇಣು ದೂರದಿಂದ ಪರದೆಯನ್ನು ಹಿಡಿಯಿರಿ. ಸೆಟ್ಟಿಂಗ್ಸ್‌ನ ಉದ್ದ ಪಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ಎಳೆಯುತ್ತಲೇ ಇರಿ, ನಿಲ್ಲಿಸಿದರೆ ಅಡಾಪ್ಟಿವ್ ಫೋನುಗಳು ತಾವೇ ವೇಗ ಇಳಿಸುತ್ತವೆ. ಆ ವಿಡಿಯೊ ತೆರೆದು ಒಂದೊಂದೇ ಫ್ರೇಮ್ ಮುಂದೆ ಸರಿಸಿ, "ಬ್ಯಾಟರಿ" ಎಂಬ ಒಂದು ಪದವನ್ನೇ ದಿಟ್ಟಿಸಿ. ಎರಡು ಫ್ರೇಮಿಗೊಮ್ಮೆ ಪದ ಜಾಗ ಬದಲಿಸಿದರೆ 120. ನಾಲ್ಕು ಫ್ರೇಮ್ ಅಲ್ಲೇ ನಿಂತು ಆಮೇಲೆ ಜಿಗಿದರೆ 60, ಸೆಟ್ಟಿಂಗ್ಸ್ ಏನೇ ಹೇಳಲಿ. ಕ್ಯಾಮೆರಾದಲ್ಲಿ 120 ಫ್ರೇಮ್ ಮಾತ್ರ ಇದ್ದರೆ ಲೆಕ್ಕ ಅರ್ಧ: 120 ಹರ್ಟ್ಸ್‌ಗೆ ಪ್ರತಿ ಫ್ರೇಮಿಗೂ ಬದಲಾವಣೆ, 60ಕ್ಕೆ ಎರಡಕ್ಕೊಮ್ಮೆ. 960 ಎಂದು ಬರೆದಿರುವ ಮೋಡ್ ಬಳಸಬೇಡಿ, ಎಷ್ಟೋ ಫೋನುಗಳಲ್ಲಿ ನಡುವಿನ ಫ್ರೇಮ್‌ಗಳನ್ನು ಸಾಫ್ಟ್‌ವೇರ್ ಕಲ್ಪಿಸಿ ತುಂಬಿರುತ್ತದೆ. ನಾನು ಹದಿನೆಂಟನೇ ದಿನ ಮಾಡಿದ ಈ ಪರೀಕ್ಷೆಯನ್ನು ಮೊದಲ ದಿನ ಮಾಡಬೇಕಿತ್ತು.

ಆಮೇಲೆ ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದು ಎರಡೂ ಕೈಯಿಂದ ಪರದೆಗೆ ಮರೆ ಮಾಡಿ ಇಣುಕಿ. ಅಮೊಲೆಡ್ ಆದರೆ ಕತ್ತಲು, ಟಿಎಫ್‌ಟಿ ಆದರೆ ಬೂದು ಬೆಳಕು. ಬೆಳಕನ್ನು ತೀರಾ ಕಡಿಮೆ ಮಾಡಿ 60ರಿಂದ 120ಕ್ಕೆ ನಾಲ್ಕೈದು ಸಲ ಬದಲಿಸಿ, ಮಿನುಗು ಅಥವಾ ಹಸಿರು ಛಾಯೆ ಬಂದರೆ ಬೇಡ. ಹಳೆಯ ಬೆರಳಚ್ಚು ಅಳಿಸಿ ಹೊಸದಾಗಿ ದಾಖಲಿಸಿ. ಸ್ಯಾಮ್‌ಸಂಗ್ ಆದರೆ ಡಯಲರ್‌ನಲ್ಲಿ *#0*#, ಶಿಯೋಮಿ ಆದರೆ *#*#6484#*#* ಒತ್ತಿದರೆ ಟಚ್, ಬಣ್ಣ, ಸೆನ್ಸರ್‌ಗಳ ಪರೀಕ್ಷೆಯ ಪುಟ ಬರುತ್ತದೆ, ಕರೆ ಬಂದಾಗ ಪರದೆ ಆರಿಸುವ ಸೆನ್ಸರನ್ನೂ ಅಲ್ಲೇ ನೋಡಿಕೊಳ್ಳಿ. ಬಿಲ್ಲಿನಲ್ಲಿ "ಒಎಲ್‌ಇಡಿ, 120 ಹರ್ಟ್ಸ್, ಬೆರಳಚ್ಚು ಕೆಲಸ ಮಾಡುತ್ತದೆ" ಎಂದು ಕೈಯಲ್ಲೇ ಬರೆಸಿಕೊಳ್ಳಿ. ಒಮ್ಮೆ ಬಿಚ್ಚಿದ ಫೋನಿಗೆ ಮೊದಲಿನಷ್ಟು ನೀರು ತಡೆಯುವ ಶಕ್ತಿ ಇರುವುದಿಲ್ಲ, ಮಳೆಗಾಲದಲ್ಲಿ ನೆನಪಿರಲಿ.

ಇನ್ನು 144ರ ಮಾತು. ಅದನ್ನು ತಲೆಯಿಂದ ತೆಗೆದುಹಾಕಿ. 60ರಿಂದ 120ಕ್ಕೆ ಬಂದಾಗ ಪ್ರತಿ ಚಿತ್ರಕ್ಕೂ 8.3 ಮಿಲಿಸೆಕೆಂಡ್ ಉಳಿಯಿತು, ಅದು ಕಣ್ಣಿಗೂ ಬೆರಳಿಗೂ ಗೊತ್ತಾಗುತ್ತದೆ. 120ರಿಂದ 144ಕ್ಕೆ ಉಳಿಯುವುದು 1.4. ಬಿಜಿಎಂಐ ಥರದ ಆಟಗಳಲ್ಲಿ ಯಾವ ಫೋನಿಗೆ ಎಷ್ಟು ಫ್ರೇಮ್ ಎಂದು ಆಟವೇ ನಿರ್ಧರಿಸುತ್ತದೆ, ಡಬ್ಬಿಯ ಮೇಲಿನ ಸಂಖ್ಯೆಗೆ ಅಲ್ಲಿ ಬೆಲೆಯಿಲ್ಲ. ಇಂಥ ದೊಡ್ಡ ಸಂಖ್ಯೆಗಳು ಅಗ್ಗವಾಗಿಯೂ ಬಹಳ ಕಾಲವಾಯಿತು: 2020ರಲ್ಲೇ ಪೊಕೊ ಎಕ್ಸ್2 15,999 ರೂಪಾಯಿಗೆ 120 ಹರ್ಟ್ಸ್ ಎಲ್‌ಸಿಡಿ ಕೊಟ್ಟಿತ್ತು. ಕಡಿಮೆ ಬೆಲೆಯ 144 ಹರ್ಟ್ಸ್ ಫೋನ್ ಎಲ್‌ಸಿಡಿಯದ್ದಾದರೆ, ಪಿಕ್ಸೆಲ್ ಬಣ್ಣ ಬದಲಿಸುವುದಕ್ಕೇ ಒಂದು ಚಿತ್ರದ 6.9 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಹುದು, ಆಗ ಅಕ್ಷರಗಳ ಹಿಂದೆ ನೆರಳು ಎಳೆದಂತಾಗುತ್ತದೆ. ನಿಮ್ಮ ಕೈಯಲ್ಲಿರುವ 120ರ ಅಮೊಲೆಡ್ ಅದಕ್ಕಿಂತ ಮೇಲು. ಫೋನಿಗೆ ಇನ್ನೂ ಎರಡು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಇದ್ದು, ಬ್ಯಾಟರಿ ಚೆನ್ನಾಗಿದ್ದರೆ 9,000 ಕೊಟ್ಟು ಕಂಪನಿ ಡಿಸ್‌ಪ್ಲೇಯನ್ನೇ ಹಾಕಿಸಿ. ಅಪ್‌ಡೇಟ್ ಮುಗಿದಿದ್ದರೆ ಮಾತ್ರ ಹೊಸದು, ಅದೂ 120ರ ಅಮೊಲೆಡ್ ನೋಡಿ.

ಯಾವ ದಾರಿ ಹಿಡಿದರೂ ಒಂದು ಕೆಲಸ ಇವತ್ತೇ ಮಾಡಿ. ಒಎಲ್‌ಇಡಿ ಪ್ಯಾನೆಲ್ ಬಿರುಕು ಬಿಟ್ಟರೆ ಗಾಳಿ, ತೇವ ಒಳಹೋಗಿ ಕಪ್ಪು ಕಲೆ ದಿನದಿಂದ ದಿನಕ್ಕೆ ಹರಡುತ್ತದೆ. ಇವತ್ತು ಮೂಲೆಯಲ್ಲಿದ್ದದ್ದು ನಾಳೆ ಪಿನ್ ಹಾಕುವ ಜಾಗವನ್ನೇ ನುಂಗಬಹುದು. ಪರದೆ ಇನ್ನೂ ಕಾಣುತ್ತಿರುವಾಗಲೇ ಫೋಟೊ, ವಾಟ್ಸ್ಆ್ಯಪ್ ಬ್ಯಾಕಪ್ ಮುಗಿಸಿ. ಟಚ್ ಸತ್ತಿದ್ದರೆ ಓಟಿಜಿ ಅಡಾಪ್ಟರ್‌ಗೆ (ಚಾರ್ಜಿಂಗ್ ಕಿಂಡಿಗೆ ಯುಎಸ್‌ಬಿ ಸಾಧನ ಜೋಡಿಸುವ ಚಿಕ್ಕ ಜೋಡಣೆ) ಕಂಪ್ಯೂಟರ್ ಮೌಸ್ ಸಿಕ್ಕಿಸಿ, ಬಾಣದ ಗುರುತು ಬರುತ್ತದೆ, ಅದರಲ್ಲೇ ಎಲ್ಲ ಮಾಡಬಹುದು. ಯುಪಿಐ ಆ್ಯಪ್‌ಗಳಿಂದ ಲಾಗ್‌ಔಟ್ ಆಗಿ, ಸಿಮ್ ತೆಗೆದುಕೊಂಡು, ಆಮೇಲೆ ಫೋನ್ ಅಂಗಡಿಗೆ ಕೊಡಿ.