ಹಡಗು ಅಷ್ಟು ಚೆನ್ನಾಗಿದ್ರೆ ಸೋತಿದ್ಯಾಕೆ?

ಹುಬ್ಬಳ್ಳಿಯ ಓದುಗರೊಬ್ರು ಬರ್ದಿದಾರೆ: "ಹೋದ ಸಂಚಿಕೇಲಿ ಫ್ರೆಂಚರ ಹಾಯಿ ಯುದ್ಧನೌಕೆಗಳನ್ನ ಬಾಯ್ತುಂಬ ಹೊಗಳಿದೀರಿ. ಅಷ್ಟು ಚೆನ್ನಾಗಿದ್ರೆ 1805ರ ಕಡಲ ಯುದ್ಧದಲ್ಲಿ ಬ್ರಿಟಿಷರ ಎದುರು ಟ್ರಫಾಲ್ಗರ್‌ನಲ್ಲಿ ಸೋತಿದ್ಯಾಕೆ? ಇನ್ನೊಂದು, ಅವರ ತೋಪಿನ ಗುಂಡು 36 ಪೌಂಡ್ ಅಂತ ಹಾಕಿದೀರಲ್ಲ, ಅದು ಸರೀನಾ?"

ಎರಡನೇದು ಮೊದ್ಲು ಹೇಳ್ಬಿಡ್ತೀನಿ ಸರ್, ತಪ್ಪು ನಮ್ದೇ. ಫ್ರೆಂಚರ ತೂಕ ಲೀವ್ರ್, ಇಂಗ್ಲಿಷ್ ಪೌಂಡಿಗಿಂತ ಸ್ವಲ್ಪ ಭಾರ. 36 ಲೀವ್ರ್ ಗುಂಡು ಅಂದ್ರೆ ಹತ್ರಹತ್ರ 17.6 ಕೆಜಿ, ಬ್ರಿಟಿಷರ 32 ಪೌಂಡಿನ ಗುಂಡು 14.5 ಕೆಜಿ. ಮೂರು ಕೆಜಿ ಜಾಸ್ತಿ ಅಂದ್ರೆ ಹೊಡೆತ ಜೋರು ನಿಜ, ಆದ್ರೆ ತೂಗಾಡೋ ಡೆಕ್ ಮೇಲೆ ಅದನ್ನ ಎತ್ತಿ ಎತ್ತಿ ತುಂಬೋನ ಸೊಂಟದ ಗತಿ?

ಈಗ ಹಡಗಿಗೆ ಬರೋಣ. ಫ್ರೆಂಚರು ಮರ ಕಡಿಯೋಕ್ಕಿಂತ ಮುಂಚೆ ಲೆಕ್ಕ ಹಾಕ್ತಿದ್ರು, ನನಗೆ ಇಷ್ಟ ಆಗೋದು ಇದೇ. 1741ರಲ್ಲೇ ಪ್ಯಾರಿಸ್‌ನಲ್ಲಿ ದ್ಯುಅಮೆಲ್ ದ್ಯು ಮೊನ್ಸೋ ಹಡಗು ಕಟ್ಟೋರಿಗೆ ಅಂತ ಶಾಲೆ ಶುರು ಮಾಡಿದ, 1746ರಲ್ಲಿ ಬೂಗೇರ್ ಅನ್ನೋ ಗಣಿತಜ್ಞ ಹಡಗು ವಾಲಿದ್ರೆ ತಿರುಗಿ ಎದ್ದು ನಿಲ್ಲುತ್ತೋ ಮಗುಚುತ್ತೋ ಅಂತ ಕಾಗದದ ಮೇಲೇ ಕಂಡುಹಿಡಿಯೋ ದಾರಿ ತೋರಿಸ್ದ. ಆಮೇಲೆ ಬಂದವನು ಹಡಗಿನ ನಕ್ಷೆ ಬರೆಯೋ ಜಾಕ್ ನೊಯೆಲ್ ಸಾನೇ. 1782ರಲ್ಲಿ ಅವನು ಬರ್ದ 74 ತೋಪಿನ ತೆಮೆರೇರ್ ನಕ್ಷೆ ಇದ್ಯಲ್ಲ, ಕೆಳಗಿನ ಡೆಕ್‌ನಲ್ಲಿ 28, ಮೇಲೆ 30, ತೀರಾ ಮೇಲ್ಗಡೆ 16 ಸಣ್ಣವು, ಅದೊಂದನ್ನೇ ಇಟ್ಕೊಂಡು ಬ್ರೆಸ್ಟ್, ತುಲೋನ್, ರೋಷ್‌ಫೋರ್ ಅಂತ ಬೇರೆ ಬೇರೆ ಬಂದರುಗಳಲ್ಲಿ ನೂರಕ್ಕೂ ಹೆಚ್ಚು ಹಡಗು ಕಟ್ಟಿದ್ರು. ಮರದ ಹಡಗಿನ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಹಾಗಂತ ದೋಷ ಇರ್ಲಿಲ್ಲ ಅಂತಲ್ಲ. ಒಡಲು ಉದ್ದ, ಪಕ್ಕೆಮರಗಳು ಬ್ರಿಟಿಷರದ್ದಕ್ಕಿಂತ ಸಪೂರ. ಅದ್ರಿಂದ ವೇಗ ಸಿಕ್ತು, ಆದ್ರೆ ವರ್ಷ ಕಳೆದ ಹಾಗೆ ಎರಡೂ ತುದಿ ಜೋತುಬಿದ್ದು ನಡುಬೆನ್ನು ಉಬ್ಬೋದು. ಸೆರೆಸಿಕ್ಕ ಹಡಗು ರಿಪೇರಿಗೇ ಜಾಸ್ತಿ ದುಡ್ಡು ತಿನ್ನುತ್ತೆ ಅಂತ ಬ್ರಿಟಿಷರು ಗೊಣಗ್ತಿದ್ರು, ಗೊಣಗ್ತಾನೇ ನಕ್ಷೆ ಕಾಪಿ ಹೊಡೀತಿದ್ರು!

ಸೋತಿದ್ದು ಮರದಿಂದ ಅಲ್ಲ ಸರ್, ಮನುಷ್ಯರಿಂದ. ಫ್ರೆಂಚ್ ಕ್ರಾಂತಿ ಟೈಮಲ್ಲಿ ಅನುಭವ ಇದ್ದ ಆಫೀಸರ್‌ಗಳು ಎಷ್ಟೋ ಜನ ದೇಶ ಬಿಟ್ಟರು, ಉಳಿದ ನಾವಿಕರು ಬ್ರಿಟಿಷರ ದಿಗ್ಬಂಧನದಲ್ಲಿ ಬಂದರಲ್ಲೇ ಕೂತ್ರು, ಕಡಲಿಗೆ ಹೋಗದೆ ತೋಪು ಹೊಡೆಯೋ ಅಭ್ಯಾಸ ಎಲ್ಲಿಂದ ಬರ್ಬೇಕು? ನಿಮ್ಮ ಟ್ರಫಾಲ್ಗರ್‌ನಲ್ಲೇ ಇದ್ದ ದ್ಯುಗೇ ತ್ರುಯೆನ್ ಅನ್ನೋ ಸಾನೇ ಹಡಗು ಅವತ್ತು ತಪ್ಪಿಸ್ಕೊಂಡು, ಮುಂದಿನ ತಿಂಗಳು ಸಿಕ್ಕಿಬಿತ್ತು. ಬ್ರಿಟಿಷರು ಅದಕ್ಕೆ ಇಂಪ್ಲೇಕಬಲ್ ಅಂತ ಹೆಸರಿಟ್ಟು 1949ರವರೆಗೂ ಇಟ್ಕೊಂಡಿದ್ರು.

ನಮ್ಮ ಕಡೆಗೂ ಒಂದು ಎಳೆ ಇದೆ. 1782ರಲ್ಲಿ ಸೆರೆಸಿಕ್ಕ ಸಾನೇಯ ಎಬೇ ಅನ್ನೋ ಫ್ರಿಗೇಟನ್ನ (ಚುರುಕಾದ ಚಿಕ್ಕ ಯುದ್ಧನೌಕೆ) ನಕಲು ಮಾಡಿದ ವಿನ್ಯಾಸದಲ್ಲೇ ಬಾಂಬೆಯ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಟ್ರಿಂಕಮಲೀ ಅನ್ನೋ ಹಡಗು ಕಟ್ಟಿ 1817ರಲ್ಲಿ ನೀರಿಗಿಳಿಸಿದ್ರು, ಅದಿವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲ್ತಾ ಇದೆ. ಅದರ ಫೋಟೋ, ಲೀವ್ರ್ ತಿದ್ದುಪಡಿ ಎರಡನ್ನೂ ಮುಂದಿನ ಸಂಚಿಕೇಲಿ ಹಾಕ್ತೀವಿ.

— ಸಂ.