ಒಂಬತ್ತೂವರೆಯ ಹಾಜರಿ

ನಾನು ಆಪ್ತಸಲಹೆಗಾರ್ತಿ. ಆಫೀಸಿನ ಮೀಟಿಂಗಿನಿಂದ ನಿದ್ದೆಗೆಟ್ಟವರ ಪ್ರಕರಣ ಈ ವರ್ಷ ಇದು ಮೂರನೆಯದು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ ಮೂವತ್ತರ ಆಸುಪಾಸು. ವಿರಾಜಪೇಟೆ ಕಡೆಯ ತೋಟದ ಮನೆಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ. ಏಳು ಜನರ ತಂಡಕ್ಕೆ ಲೀಡ್. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ, ಎದೆ ಡವಡವ. "ಅಜೈಲ್ ಶುರು ಮಾಡಿದ್ವಿ ಮೇಡಂ. ಎರಡು ವಾರಕ್ಕೊಂದು ಸ್ಪ್ರಿಂಟ್, ದಿನಾ ಒಂಬತ್ತೂವರೆಗೆ ಸ್ಟ್ಯಾಂಡಪ್. ಆದ್ರೂ ಕೆಲಸ ಕೆಟ್ಟಿದ್ದು ಕೊನೇ ದಿನವೇ ಗೊತ್ತಾಗುತ್ತೆ. ಯಾರೂ ಬಾಯಿ ಬಿಡಲ್ಲ." ಅಜೈಲ್ ಅಂದರೆ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ, ಆಗಾಗ ತಿದ್ದಿಕೊಳ್ಳುತ್ತ ಮಾಡುವ ರೀತಿ; ಅಂಥ ಒಂದು ಕಂತು ಸ್ಪ್ರಿಂಟ್, ಸ್ಟ್ಯಾಂಡಪ್ ಅಂದರೆ ತಂಡದ ದಿನದ ಚುಟುಕು ಸಭೆ.

ಮೊದಲೆರಡು ಭೇಟಿ ನಿದ್ದೆ, ಉಸಿರಾಟದಲ್ಲೇ ಕಳೆಯಿತು. ಮೂರನೆಯ ಸಲ, ನಾನೇ ನಿಮ್ಮ ತಂಡದ ಹುಡುಗಿ ಅಂದುಕೊಳ್ಳಿ, ಸ್ಟ್ಯಾಂಡಪ್ ನಡೆಸಿ ಅಂದೆ. ನೋಟ್‌ಬುಕ್ ತೆಗೆದರು, ಪೆನ್ನು ಹಿಡಿದರು. ನಿನ್ನೆ ಏನು ಮಾಡಿದ್ರಿ? ಇವತ್ತೇನು? ತೊಂದರೆ ಏನಾದ್ರೂ? "ಇಲ್ಲ" ಅಂದೆ. ಟಿಕ್ ಹಾಕಿದರು. ಪೆನ್ನು ಅಲ್ಲೇ ನಿಂತಿತು.

"ಮೇಡಂ, ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಆಳುಗಳ ಹಾಜರಿ ತಗೊಳ್ಳೋದೂ ಹಿಂಗೇ."

"ರೈಟರ್ ಹತ್ರ ಯಾರಾದ್ರೂ ಕಷ್ಟ ಹೇಳ್ಕೊಳ್ತಾರಾ?"

"ಅಯ್ಯೋ, ಇಲ್ಲ. ಆಮೇಲೆ ಗಿಡದ ಮಧ್ಯೆ ಅವರವರೇ ಮಾತಾಡ್ಕೊಳ್ತಾರೆ."

ಸ್ಟ್ಯಾಂಡಪ್ ಅಂದರೆ ಆ ಗಿಡದ ಮಧ್ಯದ ಮಾತೇ ಅಲ್ವಾ? ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್‌ನ ಕೈಪಿಡಿ ಪ್ರಕಾರ ದಿನದ ಆ 15 ನಿಮಿಷ ಕೆಲಸ ಮಾಡುವವರದ್ದು: ಗುರಿ ಮುಟ್ಟುತ್ತೀವಾ, ಇಲ್ಲದಿದ್ದರೆ ಇವತ್ತೇನು ಬದಲಿಸೋಣ, ಅಷ್ಟೇ. ಆ ಮೂರು ಪ್ರಶ್ನೆಗಳನ್ನು 2020ರ ಆವೃತ್ತಿಯಲ್ಲಿ ಕೈಬಿಟ್ಟೂ ಆಗಿದೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಕೂಡಿ ಬರೆದ ಅಜೈಲ್ ಪ್ರಣಾಳಿಕೆಯ ಮೊದಲ ಮಾತೇ, ಪದ್ಧತಿ–ಸಾಧನಗಳಿಗಿಂತ ಜನ ಮತ್ತು ಅವರ ಒಡನಾಟ ಹೆಚ್ಚು ಅಂತ.

ನನ್ನ ಸಲಹೆ ಇಷ್ಟು: ನೋಟ್‌ಬುಕ್ ಮುಚ್ಚಿಡಿ. ಎರಡು ವಾರ ನೀವೇ ಮೊದಲು ಹೇಳಿ, "ನಾನು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ" ಅಂತ. ಯಾರಾದರೂ ತೊಂದರೆ ಹೇಳಿದರೆ "ಯಾಕೆ?" ಅನ್ನಬೇಡಿ, "ಯಾರು ಕೈ ಜೋಡಿಸ್ತೀರಿ?" ಅನ್ನಿ.

ಆಪ್ತಸಲಹೆಗಾರ್ತಿಗೆ ಸಾಫ್ಟ್‌ವೇರ್ ಉಸಾಬರಿ ಯಾಕೆ ಅಂತ ಗೆಳತಿಯೊಬ್ಬಳು ರೇಗಿಸಿದಳು. ಉಸಿರಾಟ ನಾನೂ ಕಲಿಸಿದ್ದೆ. ಆದರೆ ಭಯ ಹುಟ್ಟುವ ಜಾಗ ಒಂಬತ್ತೂವರೆಯ ಮೀಟಿಂಗ್ ಆಗಿರುವಾಗ, ಮೂಗು ಹಿಡಿದು ಕೂರಿಸಿದರೆ ಸುಮ್ನೆ ಫೀಸು ತಗೊಂಡ ಹಾಗೆ.

ತಿಂಗಳು ಬಿಟ್ಟು ಬಂದರು. ಮೊದಲ ಮೂರು ದಿನ ಎಲ್ಲರೂ ಮೌನವಂತೆ. ನಾಲ್ಕನೇ ದಿನ ಹೊಸ ಹುಡುಗನೊಬ್ಬ, "ಅಕ್ಕಾ, ಈ ಕೆಲಸ ನನಗೆ ಶುರುವಿಂದಲೇ ಅರ್ಥ ಆಗಿಲ್ಲ" ಅಂದನಂತೆ. ಮ್ಯಾನೇಜರ್‌ಗೆ ಇನ್ನೂ ದಿನದ ಪಟ್ಟಿ ಬೇಕು, ಸಂಜೆ ಇವರೇ ಬರೆದು ಕಳಿಸುತ್ತಾರೆ. ಎಚ್ಚರ ಈಗ ಐದೂವರೆಗೆ.