ಓದುಗರ ಪ್ರಶ್ನೆ: ಅಳುವ ಮುಖ ಬರೆದರೆ ಓದುಗ ಅಳುವುದಿಲ್ಲ

ಪ್ರಶ್ನೆ: ಲಿಂಗನಮಕ್ಕಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಅಜ್ಜಿಯ ಕಥೆಯನ್ನು ಗ್ರಾಫಿಕ್ ಕಾದಂಬರಿ ಮಾಡುತ್ತಿದ್ದೇನೆ. ‘ಕಾಮಿಕ್ಸ್‌ನಲ್ಲಿ ಇಷ್ಟು ದುಃಖ ಹಿಡಿಸುತ್ತದೆಯೇ?’ ಎನ್ನುತ್ತಾರೆ ಮನೆಯವರು. ಪುಟಗಳ ತುಂಬ ಕಣ್ಣೀರಿದ್ದರೂ ಓದಿದವರಿಗೆ ಏನೂ ಅನಿಸುತ್ತಿಲ್ಲ.
– ಓದುಗರು, ಸಾಗರ

ಉತ್ತರ: ಧಾರಾಳವಾಗಿ ಹಿಡಿಸುತ್ತದೆ. ಯಹೂದಿ ನರಮೇಧದ ಕಥೆಯಲ್ಲಿ ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದ ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ಗೆ 1992ರಲ್ಲಿ ವಿಶೇಷ ಪುಲಿಟ್ಜರ್ ಬಂತು. ನಿಮ್ಮ ವಸ್ತುವಿಗೆ ಇನ್ನೂ ಹತ್ತಿರದ್ದು ನರ್ಮದಾ ಅಣೆಕಟ್ಟಿನ ಸುತ್ತ ಒರಿಜಿತ್ ಸೇನ್ 1994ರಲ್ಲಿ ತಂದ ‘ರಿವರ್ ಆಫ್ ಸ್ಟೋರೀಸ್’.

ನಿಮ್ಮ ತೊಂದರೆ ಕಣ್ಣೀರಿನದೇ. ಓದುಗ ಅಳಬೇಕಾದಲ್ಲಿ ಪಾತ್ರವೇ ಅತ್ತು ಮುಗಿಸಿಬಿಡುತ್ತಿದೆ. ಈ ಪ್ರಕಾರದ ಬಲವಿರುವುದು ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ. ಒಂದರಲ್ಲಿ ಅಜ್ಜಿ ಹೆಬ್ಬಾಗಿಲ ಚಿಲಕ ಹಾಕಲಿ, ಮುಂದಿನದರಲ್ಲಿ ಹೊಸ್ತಿಲ ಮೇಲೆ ನೀರಿರಲಿ. ನಡುವೆ ಆದದ್ದನ್ನು ಓದುಗನೇ ತುಂಬಿಕೊಳ್ಳುತ್ತಾನೆ.

ಪುಟಕ್ಕೆ ಆರು ಸಮ ಚೌಕಗಳಂತೆ ನಾಲ್ಕೈದು ಪುಟ ಓಡಿಸಿ, ಆಮೇಲೆ ಮಾತಿಲ್ಲದ ಒಂದೇ ಚಿತ್ರಕ್ಕೆ ಇಡೀ ಪುಟ ಬಿಡಿ. ಲಯ ಕಣ್ಣಿಗೆ ರೂಢಿಯಾಗಿದ್ದರಷ್ಟೇ ಅದು ಮುರಿದದ್ದು ತಾಗುವುದು. ಆ ಚಿತ್ರ ಎಡಪುಟದಲ್ಲೇ ಬರಬೇಕು. ಬಲಪುಟದಲ್ಲಿಟ್ಟರೆ ಎಡಗಡೆ ಓದುವಾಗಲೇ ಕಣ್ಣು ಅತ್ತ ಹಾರುತ್ತದೆ. ಎಡಪುಟವಾದರೆ ಹಾಳೆ ಮಗುಚಿದ ಮೇಲೆಯೇ ಕಾಣುತ್ತದೆ. ಹಾಗಾಗಿ ಶಾಯಿಗೆ ಕೈ ಹಾಕುವ ಮೊದಲು ಹಾಳೆಗಳನ್ನು ಮಡಚಿ ಪುಟ್ಟ ಪುಸ್ತಕ ಮಾಡಿ, ಪೆನ್ಸಿಲ್ಲಿನಲ್ಲಿ ಗೀಚಿ, ಮಗುಚಿ ನೋಡಿ.

ಮಾತು ಗುಳ್ಳೆಗೆ ಹತ್ತು ಪದ ಸಾಕು. ಮೊದಲು ಅಕ್ಷರ, ಆಮೇಲೆ ಗುಳ್ಳೆ. ಇಂಗ್ಲಿಷ್ ಕಾಮಿಕ್ಸ್ ನೋಡಿ ಗುಳ್ಳೆ ಅಳೆದರೆ ‘ಹೊರಟುಹೋಗಬೇಕಂತೆ’ಯಂಥ ಪದ ನಡುವೆ ತುಂಡಾಗುತ್ತದೆ, ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ.

ಪ್ರಶ್ನೆ: ಇಂಥ ಪುಸ್ತಕಕ್ಕೆ ನಮ್ಮ ಕಡೆ ಕೆಮ್ಮಣ್ಣಿನ ಗೋಡೆಯ ಮೇಲೆ ಬಿಳಿ ಗೆರೆಗಳಲ್ಲಿ ಬರೆಯುವ ಹಸೆ ಚಿತ್ತಾರ ಒಗ್ಗುತ್ತದೆಯೇ?
– ಓದುಗರು, ಸೊರಬ

ಉತ್ತರ: ಒಗ್ಗುತ್ತದೆ, ಆದರೆ ಪುಟದಂಚಿನ ಅಲಂಕಾರಕ್ಕಷ್ಟೇ ಆದರೆ ಬೇಡ. ಅಂಬೇಡ್ಕರ್ ಜೀವನದ ‘ಭೀಮಾಯಣ’ (2011) ನೋಡಿ. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಗೊಂಡ ಕಲೆಗಾಗಿ ಚೌಕಗಳನ್ನೇ ಕೈಬಿಟ್ಟರು. ವಿಷದ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ, ಮೆದುಮಾತಿಗೆ ಹಕ್ಕಿಯ ಆಕಾರ. ಚಿತ್ತಾರದ ಕಡ್ಡಿಯಂಥ ಮನುಷ್ಯರಲ್ಲಿ ಮುಖಭಾವಕ್ಕೆ ಜಾಗವಿಲ್ಲ. ಆದ್ದರಿಂದ ಆಕೃತಿಗಳ ನಡುವಿನ ಅಂತರ, ಗೆರೆಸಾಲು ಎಲ್ಲಿ ತುಂಡಾಗುತ್ತದೆ ಎಂಬುದೇ ಮಾತಾಡಬೇಕು.

ಎಡವುವುದು ಅಚ್ಚಿನಲ್ಲಿ. ಕೆಮ್ಮಣ್ಣಿನ ಬಣ್ಣ ಎರಡು ಮೂರು ಶಾಯಿ ಸೇರಿ ಆಗುವಂಥದ್ದು. ಒಂದು ಶಾಯಿಯ ಅಚ್ಚಿನ ಪ್ಲೇಟು ಕೂದಲೆಳೆ ಸರಿದರೂ ಒಳಗಿನ ಬಿಳಿ ಗೆರೆ ಮುಚ್ಚಿಹೋಗುತ್ತದೆ. ಚಿತ್ರ ಕುಗ್ಗಿಸಿದ ಮೇಲೂ ಗೆರೆ ಅರ್ಧ ಮಿಲಿಮೀಟರ್ ಉಳಿಯಲಿ. ಇಡೀ ಪುಸ್ತಕ ಬರೆಯುವ ಮುನ್ನ ಅದೇ ಅಳತೆಯಲ್ಲಿ, ಅದೇ ಕಾಗದದ ಮೇಲೆ ಒಂದು ಪುಟದ ಪ್ರೂಫ್ ತೆಗೆಸಿ.